ಜನರೇಟರ್ ಹಾಕುವುದಿಲ್ಲ ಎಂಬ ಆಣೆ

ಕಂಬ ಹತ್ತುವ ಮುಂಚೆ ಜಾಸಿಬ್ ನಮ್ಮ ಬೀದಿಯ ಒಂದೊಂದು ಗೇಟನ್ನೂ ತಟ್ಟಿ ಆಣೆ ಹಾಕಿಸಿಕೊಳ್ಳುತ್ತಿದ್ದ. ದೇವರ ಮೇಲಲ್ಲ, ಹಜ್ರತ್ ಅಬ್ಬಾಸರ ಮೇಲೆ. ದೇವರು ದಯಾಳು, ಅವನ ಹೆಸರಲ್ಲಿ ಸುಳ್ಳು ಹೇಳಿದರೆ ಇವತ್ತಲ್ಲ ನಾಳೆ ಕ್ಷಮಿಸಿಬಿಡುತ್ತಾನೆ ಎಂಬ ಧೈರ್ಯ ಎಲ್ಲರಿಗೂ ಇದೆ. ಕರ್ಬಲಾದಲ್ಲಿ ಮಲಗಿರುವ ಅಬ್ಬಾಸರು ಹಾಗಲ್ಲ, ಮುಂಗೋಪದವರು. ಅವರ ಹೆಸರಲ್ಲಿ ಸುಳ್ಳಾಣೆ ಮಾಡಿದವನು ಮನೆ ಮುಟ್ಟುವುದರೊಳಗೆ ಅವನ ಬಾಯಿ ಸೊಟ್ಟಗಾಗಿರುತ್ತದೆ ಎಂದು ಬಸ್ರಾದ ಕಳ್ಳರೂ ನಂಬುತ್ತಾರೆ.

ಆಣೆ ಯಾಕೆಂದರೆ, ಸರ್ಕಾರದ ಕರೆಂಟು ಹೋದಾಗ ಕಂಬದ ತಂತಿಯಲ್ಲಿ ಜೀವ ಇರುವುದಿಲ್ಲ, ಅದನ್ನು ಬರಿಗೈಯಲ್ಲಿ ಹಿಡಿಯಬಹುದು. ಆದರೆ ಅದೇ ಹೊತ್ತಿಗೆ ಯಾರೋ ಮನೆಯಲ್ಲಿ ಜನರೇಟರ್ ಹಾಕಿ, ಮನೆಯನ್ನು ಸರ್ಕಾರದ ತಂತಿಯಿಂದ ಬಿಡಿಸುವ ಚೇಂಜ್‌ಓವರ್ ಸ್ವಿಚ್ಚನ್ನು ತಿರುಗಿಸದೇ ಇದ್ದರೆ, ಕರೆಂಟು ಮನೆಯಿಂದ ಹಿಂದಕ್ಕೆ ಕಂಬಕ್ಕೆ ಹರಿಯುತ್ತದೆ. ಮೇಲೆ ಕೂತವನು ತಂತಿ ಹಿಡಿದೇ ಇರುತ್ತಾನೆ. ನಮ್ಮ ಊರಿನಲ್ಲಿ ಲೈನ್‌ಮನ್‌ಗಳು ಸರ್ಕಾರದ ಕರೆಂಟಿನಿಂದ ಸಾಯುವುದು ಕಡಿಮೆ. ಅದಕ್ಕೆ ಕರೆಂಟು ಇರಬೇಕಲ್ಲ. ಅವರು ಸಾಯುವುದು ಅಕ್ಕಪಕ್ಕದವರ ಫ್ಯಾನು, ಫ್ರಿಜ್ಜುಗಳಿಗಾಗಿ.

ಬೀದಿಯ ತುದಿಯಲ್ಲಿ ನಿಂತರೆ ಎಣ್ಣೆ ಬಾವಿಗಳ ಉರಿ ಕಾಣುತ್ತದೆ. ಎಣ್ಣೆಯ ಜೊತೆ ಮೇಲೆ ಬರುವ ಗ್ಯಾಸನ್ನು ಹಿಡಿದಿಡಲು ಪೈಪು ಹಾಕಿಲ್ಲ, ಆದ್ದರಿಂದ ಹಗಲೂ ರಾತ್ರಿ ಸುಡುತ್ತಾರೆ. ನಾನು ಹುಟ್ಟಿದಾಗಲೂ ಸುಡುತ್ತಿದ್ದರು. ಆ ಗ್ಯಾಸಿನಿಂದ ಇಡೀ ದೇಶಕ್ಕೆ ಕರೆಂಟು ಮಾಡುತ್ತೇವೆ ಎಂದು ಪ್ರತಿ ಹೊಸ ಮಂತ್ರಿಯೂ ಟಿವಿಯಲ್ಲಿ ಹೇಳುತ್ತಾನೆ. ಅದನ್ನು ನಾವು ಜನರೇಟರ್ ಹಾಕಿಕೊಂಡು ನೋಡುತ್ತೇವೆ. ನನ್ನದು ಜನರೇಟರ್ ರಿಪೇರಿ ಅಂಗಡಿ. ದೇಶ ಸರಿಹೋದ ಮರುದಿನ ನನ್ನ ಅಂಗಡಿಗೆ ಬೀಗ ಬೀಳುತ್ತದೆ, ಹಾಗಾಗಿ ಮಂತ್ರಿಗಳನ್ನು ಬೈಯುವಾಗ ನಾನು ಸ್ವಲ್ಪ ಮೆಲುದನಿಯಲ್ಲಿ ಬೈಯುತ್ತೇನೆ. ಉಳಿದವರನ್ನು ಬೈಯುವಾಗ ಆ ಎಚ್ಚರ ಇಟ್ಟುಕೊಂಡವನಲ್ಲ.

ಆಗಸ್ಟ್ ತಿಂಗಳು. ನಮ್ಮ ಬೀದಿಯ ತಂತಿ ಬಿಸಿಲಿಗೋ ಭಾರಕ್ಕೋ ಸುಟ್ಟು ಕಡಿದುಹೋಗಿ, ಇಡೀ ಬೀದಿ ಬೆಂದುಹೋಗುತ್ತಿತ್ತು. ವಿದ್ಯುತ್ ಕಚೇರಿಗೆ ಹೋದರೆ ಗಾಡಿ ಇಲ್ಲ ಅಂದರು, ಗಾಡಿ ಬಂದ ದಿನ ತಂತಿ ಇಲ್ಲ ಅಂದರು. ಜಾಸಿಬ್ ಅದೇ ಕಚೇರಿಯಲ್ಲಿ ಗುತ್ತಿಗೆಯ ಲೈನ್‌ಮನ್. ಹಜ್ ಮಾಡಿ ಬಂದು ಹಜ್ಜಿಯ್ಯಾ ಎನಿಸಿಕೊಂಡ ಎದುರು ಮನೆಯ ಬದ್ರಿಯ್ಯಾಳ ಒಬ್ಬನೇ ಮಗ. ಕಾಯಂ ಮಾಡುತ್ತೇವೆಂದು ಎಷ್ಟೋ ವರ್ಷದಿಂದ ಆಡಿಸುತ್ತಿದ್ದರು, ಅವನೂ ಆಡುತ್ತಿದ್ದ. ಕೊನೆಗೆ ಎಲ್ಲಿಂದಲೋ ಒಂದು ಸುತ್ತು ಹಳೇ ತಂತಿ ಹೊತ್ತು ತಂದು, ರಜೆಯ ದಿನ ಬೆಳಿಗ್ಗೆ ತಾನೇ ಕಂಬ ಹತ್ತಲು ಹೊರಟ.

"ಚಿಕ್ಕಪ್ಪಾ, ಅಬೂ ಮೈಥಮ್! ಹೊರಗೆ ಬನ್ನಿ, ನಿಮ್ಮನೆ ಆಣೆ ಬಾಕಿ ಇದೆ." ಮೈಥಮ್‌ನ ಅಪ್ಪ ಎಂದು ಮಗನ ಹೆಸರಿನಿಂದಲೇ ಬೀದಿಯವರು ನನ್ನನ್ನು ಕರೆಯುವುದು, ಚಿಕ್ಕಪ್ಪ ಎಂಬುದು ಸಲಿಗೆಗೆ.

"ಹೋದ ಸಲದ್ದೇ ಇನ್ನೂ ಹಳಸಿಲ್ವಲ್ಲೋ, ಮತ್ತೆ ಯಾಕೆ?"

"ಅದು ಹೋದ ಸಲಕ್ಕೆ ಆಯ್ತು. ಈ ಬಿಸಿಲಲ್ಲಿ ಆಣೆನೂ ಬೇಗ ಹುಳಿ ಬರುತ್ತೆ." ಅವನು ಗೇಟಿಗೆ ಒರಗಿ ನಕ್ಕ. ಸೊಂಟದಲ್ಲಿ ಹಳೇ ಟೈರಿನ ಪಟ್ಟಿಯಿಂದ ಮಾಡಿದ ಬೆಲ್ಟು. "ನಿಜ ಹೇಳ್ಬೇಕು ಅಂದ್ರೆ ಬೀದಿಗೆಲ್ಲ ನಿಮ್ಮನೇದೇ ನನಗೆ ಭಯ. ಊರಿಗೆಲ್ಲ ಚೇಂಜ್‌ಓವರ್ ಹಾಕಿಕೊಡ್ತೀರಿ, ನಿಮ್ಮನೇದು ಸುಟ್ಟು ಎಷ್ಟು ಕಾಲ ಆಯ್ತು?"

"ಹಾಕ್ತೀನಿ ಕಣೋ, ನಿನ್ನ ಮದುವೆಗೆ ಹಾಕ್ತೀನಿ."

"ಹಾಗಾದ್ರೆ ಅದು ಸುಟ್ಟೇ ಇರುತ್ತೆ ಬಿಡಿ."

ಅವನು ಹೇಳಿದ್ದು ನಿಜ. ನಮ್ಮ ಮನೆಯ ಚೇಂಜ್‌ಓವರ್ ಚಳಿಗಾಲದಲ್ಲೇ ಸುಟ್ಟಿತ್ತು. ಎರಡೂ ತುದಿಗೆ ಪ್ಲಗ್ಗು ಇರುವ ಒಂದು ವೈರು ಮಾಡಿ, ಒಂದು ತುದಿ ಜನರೇಟರಿಗೆ, ಇನ್ನೊಂದು ತುದಿ ಗೋಡೆಯ ಸಾಕೆಟ್ಟಿಗೆ ಚುಚ್ಚಿ ಕಾಲ ತಳ್ಳುತ್ತಿದ್ದೆ. ಹಾಗೆ ಮಾಡುವ ಗಿರಾಕಿಗಳನ್ನು ಅಂಗಡಿಯಲ್ಲಿ ಕತ್ತೆಗಳೇ ಎಂದು ಬೈದು ಕಳಿಸುವವನೂ ನಾನೇ. ಜನರೇಟರ್ ಹಾಕುವಾಗ ಮೇನ್ ಸ್ವಿಚ್ ಇಳಿಸಿದರೆ ಆಯ್ತಲ್ಲ, ನಾನಂತೂ ಮರೆಯುವವನಲ್ಲ ಎಂಬುದು ನನ್ನ ಲೆಕ್ಕ.

"ಅಬ್ಬಾಸರಾಣೆಗೂ ನೀನು ಇಳಿಯೋವರೆಗೆ ನಮ್ಮನೇಲಿ ಜನರೇಟರ್ ಹಾಕಲ್ಲ," ಎಂದೆ. ಒಳಗೆ ತಿರುಗಿ, "ಕೇಳಿಸ್ತೇನೇ? ಜಾಸಿಬ್ ಇಳಿಯೋ ತನಕ ಅದನ್ನ ಮುಟ್ಟಬಾರದು," ಎಂದು ಕೂಗಿದೆ.

"ಕೇಳಿಸ್ತು," ಎಂದಳು ನನ್ನ ಹೆಂಡತಿ ಫತ್ಹಿಯ್ಯಾ ಅಡುಗೆಮನೆಯಿಂದ.

ನಾನು ಅಂಗಡಿಗೆ ಹೋದೆ. ಮಧ್ಯಾಹ್ನದ ಆಜಾನ್ ಆದ ಮೇಲೆ ಊಟಕ್ಕೆಂದು ಹೊರಟು ಬೀದಿಯ ತಿರುವಿಗೆ ಬರುವಾಗಲೇ ಹೆಂಗಸರ ಕೂಗು ಕೇಳಿತು. ಜಾಸಿಬ್ ಕಂಬದ ಬುಡದಲ್ಲಿ ಮಣ್ಣಿನ ಮೇಲೆ ಬಿದ್ದಿದ್ದ. ಯಾರೋ ಆಗಲೇ ಕಂಬಳಿ ಹೊದಿಸಿದ್ದರು, ಅಂಥ ಬಿಸಿಲಲ್ಲಿ ಕಂಬಳಿ. ಹಜ್ಜಿಯ್ಯಾ ಅವನ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು, ನೆಲ ಕಾಲು ಸುಡುತ್ತದೆ ಎಂದು ಎಲ್ಲರಿಗೂ ಹೇಳುತ್ತಿದ್ದಳು. ಸುತ್ತ ನಿಂತ ಗಂಡಸರು ಅಳುತ್ತಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

"ಯಾರೋ ಜನರೇಟರ್ ಹಾಕಿದ್ದಾರೆ," ಎಂದ ಒಬ್ಬ.

"ನಮ್ಮನೇದಲ್ಲ. ಅಬ್ಬಾಸರಾಣೆ."

"ನಮ್ಮದೂ ಅಲ್ಲಪ್ಪ. ನಾನು ಪೆಟ್ರೋಲ್ ಕ್ಯೂನಲ್ಲಿ ನಿಂತಿದ್ದೆ, ಬೇಕಾದ್ರೆ ಬಂಕಿನವರನ್ನ ಕೇಳಿ."

ನಾನೂ ಏನೋ ಹೇಳಿದೆ. ಹೇಳುತ್ತಲೇ ಕಾಲು ಮನೆಯ ಕಡೆ ಎಳೆಯಿತು. ಭಯ ಎಂದರೆ ಏನೆಂದು ನನಗೆ ಗೊತ್ತು ಎಂದುಕೊಂಡಿದ್ದೆ. ಯುದ್ಧಗಳನ್ನು ನೋಡಿದ್ದೇನೆ, ತಲೆಯ ಮೇಲೆ ಬಾಂಬು ಹಾರಿದ್ದನ್ನು ನೋಡಿದ್ದೇನೆ. ಆದರೆ ಸ್ವಂತ ಮನೆಯ ಗೇಟು ತಳ್ಳಲು ಹಿಂಜರಿದದ್ದು ಅದೇ ಮೊದಲು.

ಜನರೇಟರ್ ಅಂಗಳದ ಮೂಲೆಯಲ್ಲಿತ್ತು. ಮುಟ್ಟಿ ನೋಡಿದೆ, ಇಂಜಿನ್ ಬಿಸಿಯಿತ್ತು. ಆ ಬಿಸಿಲಿಗೆ ನೀರಿನ ನಲ್ಲಿಯೂ ಕೈ ಸುಡುತ್ತಿತ್ತು, ಗೇಟಿನ ಚಿಲಕವೂ ಸುಡುತ್ತಿತ್ತು. ಬಿಸಿಯಿತ್ತು ಎಂಬುದರಿಂದ ಏನು ತಿಳಿಯಬೇಕು? ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲ್ ಎಷ್ಟಿದೆ ಎಂದು ನೋಡಬಹುದಿತ್ತು. ಇಂಜಿನ್ನಿನ ಸ್ಪಾರ್ಕ್ ಪ್ಲಗ್ಗು ಬಿಚ್ಚಿ ನೋಡಿದ್ದರೆ ಅದು ಈಗ ಉರಿದದ್ದೋ ನಿನ್ನೆ ಉರಿದದ್ದೋ ನನ್ನಂಥವನಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತಿತ್ತು. ನಾನು ಮುಚ್ಚಳ ತೆಗೆಯಲಿಲ್ಲ, ಪ್ಲಗ್ಗು ಬಿಚ್ಚಲಿಲ್ಲ. ಎರಡು ತಲೆಯ ಆ ವೈರನ್ನು ತುಂಡು ತುಂಡು ಮಾಡಿ ಕಸದ ಚೀಲಕ್ಕೆ ಹಾಕಿದೆ. ಫತ್ಹಿಯ್ಯಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನನ್ನ ಮುಖವನ್ನೇ ನೋಡುತ್ತಿದ್ದಳು ಎಂದು ಗೊತ್ತಿತ್ತು, ನಾನು ಅವಳ ಮುಖ ನೋಡಲಿಲ್ಲ. ಕೇಳಿದರೆ ಉತ್ತರ ಬರುತ್ತದೆ, ಬಂದ ಉತ್ತರವನ್ನು ಎಲ್ಲಿಡುವುದು?

"ಊಟ ಬಡಿಸ್ಲಾ?" ಎಂದಳು.

"ಬೇಡ."

ಜಾಸಿಬ್‌ನನ್ನು ನಜಫ್‌ನ ಪವಿತ್ರ ಸ್ಮಶಾನಕ್ಕೆ ಒಯ್ದು ಮಣ್ಣು ಮಾಡಿ ಬಂದರು. ಅವನ ತಂದೆ ಮೊದಲೇ ಇಲ್ಲ, ಚಿಕ್ಕಪ್ಪ ಸೈಹೂದ್ ಎಂಬುವನು ತನ್ನ ಕುಲದ ಗಂಡಸರನ್ನು ಕರೆದುಕೊಂಡು ಹಳ್ಳಿಯಿಂದ ಬಂದ. ಪೊಲೀಸರೂ ಬಂದಿದ್ದರು. ಚಹಾ ಕುಡಿದು, ಆಕಸ್ಮಿಕ ಎಂದು ಬರೆದುಕೊಂಡು ಹೋದರು. ನಮ್ಮಲ್ಲಿ ಸಾವಿನ ವಿಚಾರಣೆ ಪೊಲೀಸರು ಹೋದ ಮೇಲೆ ಶುರುವಾಗುತ್ತದೆ. ಕುಲದವರು ಬೀದಿಯಲ್ಲಿ ಮೇಲಿಂದ ಕೆಳಕ್ಕೆ ವಿಚಾರಿಸಿದರು. ಪ್ರತಿ ಮನೆಯವನೂ ಆಣೆ ಮಾಡಿದ, ನಾನು ಮಾತ್ರ ಅಂಗಡಿಯಲ್ಲಿದ್ದೆ ಎಂದು ಹೇಳಿ ಜಾರಿಕೊಂಡೆ. ಯಾರೋ ಒಬ್ಬ ಆಣೆಯ ಜೊತೆಗೆ ಇನ್ನೊಂದು ಮಾತನ್ನೂ ಹೇಳಿದ: ಸದ್ದು ರಿಪೇರಿಯವನ ಮನೆ ಕಡೆಯಿಂದ ಬಂದ ಹಾಗಿತ್ತು. ಅವನ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ನನಗೇ ಅಂಥ ಸದ್ದು ಬೇರೆ ಕಡೆ ಕೇಳಿದ್ದರೆ ನಾನೂ ಹೇಳುತ್ತಿದ್ದೆನೇನೋ, ಪ್ರತಿಯೊಬ್ಬನಿಗೂ ತನ್ನ ಮನೆ ಉಳಿದರೆ ಸಾಕಾಗಿತ್ತು.

ಮರುದಿನ ಬೆಳಿಗ್ಗೆ ನಮ್ಮ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದಿತ್ತು: ಈ ಮನೆಯವರು ಕುಲಕ್ಕೆ ಬೇಕಾಗಿದ್ದಾರೆ, ಯಾರೂ ಈ ಮನೆ ಕೊಳ್ಳಬೇಡಿ, ಬಾಡಿಗೆಗೆ ಹಿಡಿಯಬೇಡಿ. ಬಣ್ಣ ಒಣಗಿರಲಿಲ್ಲ. ಬೀದಿಯಲ್ಲಿ ರೊಟ್ಟಿ ಸುಟ್ಟು ಮಾರುವ ಹೆಂಗಸು ನನ್ನನ್ನು ಕಂಡು ಮುಖ ತಿರುಗಿಸಿಕೊಂಡಳು. ನಾನು ಪ್ರತಿದಿನ ಚಹಾ ಕುಡಿಯುವ ಅಂಗಡಿಯವನು ನನ್ನ ಮುಂದೆ ಲೋಟ ಇಟ್ಟು, "ಬೇಗ ಕುಡಿದು ಹೊರಡಿ, ತಪ್ಪು ತಿಳ್ಕೋಬೇಡಿ," ಎಂದ.

ಗೋಡೆಯ ಮೇಲೆ ಹಾಗೆ ಬರೆದರೆ ಅದು ನನಗಲ್ಲ, ನನ್ನ ಮಗನಿಗೆ. ಸತ್ತವನು ಪ್ರಾಯದ ಹುಡುಗನಾದರೆ ಕೊಂದವರ ಕಡೆಯಿಂದಲೂ ಪ್ರಾಯದ ಹುಡುಗನೇ ಹೋಗಬೇಕು. ನಮಗೆ ಇರುವುದು ಮೈಥಮ್ ಒಬ್ಬನೇ. ಎಣ್ಣೆ ಕಂಪನಿಯ ಕಾಲೊನಿಯ ಗೇಟಿನಲ್ಲಿ ಕಾವಲು ಕೆಲಸ, ಅದೂ ಯಾರ್ಯಾರದೋ ಕಾಲು ಹಿಡಿದು ಸಿಕ್ಕಿದ್ದು. ಎಣ್ಣೆ ನಮ್ಮ ಕಾಲ ಕೆಳಗಿದೆ, ಅದನ್ನು ತೆಗೆಯುವ ಕೆಲಸ ಮಾತ್ರ ವಿಮಾನದಲ್ಲಿ ಬಂದವರಿಗೆ, ಅವರ ಗೇಟು ಕಾಯುವುದು ನಮ್ಮ ಮಕ್ಕಳಿಗೆ. ಆ ಕಾಲೊನಿಯಲ್ಲಿ ಕರೆಂಟು ಹೋದದ್ದನ್ನು ಯಾರೂ ನೋಡಿಲ್ಲ.

"ಅಮಾರಾಗೆ ನಿನ್ನ ಸೋದರಮಾವನ ಮನೆಗೆ ಹೋಗು. ಈಗಲೇ," ಎಂದೆ.

"ಕೆಲಸ ಹೋಗುತ್ತಪ್ಪಾ. ಒಂದಿನ ತಪ್ಪಿಸಿದ್ರೆ ಆ ಜಾಗಕ್ಕೆ ಹತ್ತು ಜನ ಕಾಯ್ತಿದ್ದಾರೆ."

"ಹೋಗಲಿ! ಕೆಲಸ ಹೋದ್ರೆ ಹೋಗಲಿ! ನಿನ್ನ ಹೆಣಕ್ಕೆ ಯೂನಿಫಾರ್ಮ್ ಹಾಕಿ ಕಳಿಸಬೇಕಾ ನಾನು?"

"ನಾವು ಹಾಕೇ ಇಲ್ವಲ್ಲ ಜನರೇಟರ್ನ. ಯಾಕೆ ಓಡಿಹೋಗ್ಬೇಕು? ಓಡಿಹೋದ್ರೆ ನಾವೇ ಮಾಡಿದ್ದು ಅಂದ ಹಾಗಾಗುತ್ತೆ. ಅಲ್ವೇನಮ್ಮಾ?"

ಅವನ ತಾಯಿ ಅವನ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು, ತಲೆ ಎತ್ತಲಿಲ್ಲ. "ಅಪ್ಪ ಹೇಳಿದ ಹಾಗೆ ಕೇಳು, ಬಂಗಾರ," ಎಂದಳು. ನಾನು ಆಗಲೂ ಅವಳನ್ನು ಏನೂ ಕೇಳಲಿಲ್ಲ.

ಅವನು ತರಕಾರಿ ಲಾರಿಯೊಂದರಲ್ಲಿ ಹೋದ. ಅದೇ ಸಂಜೆ, ಇನ್ನೂ ಬೆಳಕಿರುವಾಗಲೇ, ಬಿಳಿ ಗಾಡಿಯೊಂದು ಬೀದಿಗೆ ಬಂದು ನಮ್ಮ ಗೇಟಿನ ಮುಂದೆ ನಿಧಾನಿಸಿತು. ನಾನು ಫತ್ಹಿಯ್ಯಾಳನ್ನು ನೆಲಕ್ಕೆ ಎಳೆದು ಅವಳ ಮೇಲೆ ಬಿದ್ದೆ. ಗುಂಡುಗಳು ಗೇಟಿನ ತಗಡನ್ನು ಸೀಳಿಕೊಂಡು ಬಂದು ನೀರಿನ ಟ್ಯಾಂಕಿಗೆ ಬಡಿದವು. ನಮ್ಮ ಊರಿನ ನಲ್ಲಿಯಲ್ಲಿ ಬರುವ ಉಪ್ಪು ನೀರು ಅಂಗಳವೆಲ್ಲ ಹರಿಯಿತು. ಗಾಡಿ ಹೋದ ಮೇಲೂ ನಾವು ಎಷ್ಟೋ ಹೊತ್ತು ಹಾಗೇ ಬಿದ್ದಿದ್ದೆವು. ಬೀದಿಯಲ್ಲಿ ಒಂದೇ ಒಂದು ಬಾಗಿಲೂ ತೆರೆಯಲಿಲ್ಲ.

ಇದು ಎಚ್ಚರಿಕೆ ಅಷ್ಟೇ, ಮುಂದಿನದು ಹೀಗಿರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ನಮ್ಮ ಕುಲದ ಹಿರಿಯರು ಬಂದರು. ಎರಡೂ ಕಡೆಯವರು ಮರ್ಯಾದೆ ಕೊಡುವ ಪ್ರವಾದಿಯ ವಂಶದ ಒಬ್ಬ ಸಯ್ಯಿದರನ್ನು ಹಿಡಿದರು. ಅವರ ಹಸಿರು ಪೇಟದ ಮುಖ ನೋಡಿ ಸೈಹೂದ್ ಕೆಲವು ದಿನ ಕೈ ತಡೆಯಲು ಒಪ್ಪಿದ. ಆ ದಿನಗಳಲ್ಲಿ ನಾನು ಅಂಗಡಿ ತೆರೆಯಲಿಲ್ಲ. ಫತ್ಹಿಯ್ಯಾ ಕಪ್ಪು ಅಬಾಯಾ ಹೊದ್ದು ಎದುರು ಮನೆಗೆ ಸೂತಕಕ್ಕೆ ಹೋಗಿ ಬರುತ್ತಿದ್ದಳು. ಹೆಂಗಸರನ್ನು ಯಾರೂ ತಡೆಯುವುದಿಲ್ಲ, ಆದರೂ ಅವಳ ಧೈರ್ಯ ಕಂಡು ನನಗೆ ಆಶ್ಚರ್ಯವಾಗುತ್ತಿತ್ತು. ಮನೆಗೆ ಬಂದರೆ ನಾವಿಬ್ಬರೂ ಒಂದೇ ಕೋಣೆಯಲ್ಲಿ ಅಪರಿಚಿತರ ಹಾಗೆ ಕೂತಿರುತ್ತಿದ್ದೆವು. ರಿಪೇರಿಗೆ ಬಂದ ಇಂಜಿನ್ನಿನ ಮುಂದೆ ಕೂತು, ಬಿಚ್ಚಿದರೆ ಏನು ಕಾಣುತ್ತದೋ ಎಂದು ಹೆದರುವ ಮೆಕ್ಯಾನಿಕ್ ಯಾರಾದರೂ ಇದ್ದಾನೆಯೇ? ನಾನಿದ್ದೆ.

ಪಂಚಾಯಿತಿಯ ದಿನ ಬೀದಿಗೆ ಅಡ್ಡಲಾಗಿ ಶಾಮಿಯಾನ ಹಾಕಿದರು. ಒಂದು ಕಡೆ ಸೈಹೂದ್ ಮತ್ತು ಅವನ ಗಂಡಸರು, ಎದುರಿಗೆ ನಾನು ಮತ್ತು ನಮ್ಮ ಕಡೆಯ ಮುದುಕರು, ನಡುವೆ ಸಯ್ಯಿದರು. ಕಹಿ ಕಾಫಿಯ ಪುಟ್ಟ ಬಟ್ಟಲುಗಳನ್ನು ಸೈಹೂದನ ಕಡೆಯವರಿಗೆ ಕೊಟ್ಟರು. ಅವರು ಕುಡಿಯದೆ ನೆಲದ ಮೇಲಿಟ್ಟರು. ಕೇಳಿದ್ದು ಸಿಗುವ ತನಕ ಎದುರಾಳಿಯ ಕಾಫಿ ಕುಡಿಯುವುದಿಲ್ಲ, ಅದೇ ಪದ್ಧತಿ. ಸಾಲಾಗಿ ಇಟ್ಟ ಆ ಬಟ್ಟಲುಗಳನ್ನು ನಾನು ಎಣಿಸುತ್ತಾ ಕೂತೆ.

ಸಯ್ಯಿದರು ಪರಿಹಾರದ ಮಾತೆತ್ತಿದರು. ಸೈಹೂದ್ ಕೈ ಅಡ್ಡ ಮಾಡಿದ.

"ಸಯ್ಯಿದ್ ಸಾಹೇಬ್ರೇ, ನಮ್ಮ ಹುಡುಗನ್ನ ಮಾರೋಕೆ ಬಂದಿಲ್ಲ ನಾವು. ಯಾರ ಮನೆ ಕರೆಂಟು ಅಂತ ಗೊತ್ತಾಗ್ಬೇಕು, ಅಷ್ಟೇ. ಏ ಅಬೂ ಮೈಥಮ್, ನೀನೇ ಹೇಳು."

"ನಾನು ಅಂಗಡೀಲಿದ್ದೆ, ಹಾಜಿ. ಬೇಕಾದಷ್ಟು ಜನ ನೋಡಿದ್ದಾರೆ."

"ನೀನು ಅಂಗಡೀಲಿದ್ದೆ. ನಿನ್ನ ಮನೆನೂ ಅಂಗಡೀಲಿತ್ತಾ?"

ಅವನ ಕಡೆಯ ಹುಡುಗರು ಮೂಗಿನಲ್ಲಿ ನಕ್ಕರು. ನನ್ನ ಕಿವಿ ಕಾದವು. ಬೇರೆ ದಿನವಾಗಿದ್ದರೆ ಎದ್ದು ನಿಂತು ನಾಲ್ಕು ಮಾತು ಆಡುತ್ತಿದ್ದೆ. ಆವತ್ತು ಕೂತೇ ಇದ್ದೆ.

"ನೋಡು," ಎಂದ ಸೈಹೂದ್, ಈ ಸಲ ಮೆತ್ತಗೆ. "ನಾನು ಅನ್ಯಾಯದ ಮನುಷ್ಯ ಅಲ್ಲ. ಒಂದೇ ಮಾತು. 'ನನ್ನ ಮನೇಲಿ ಆ ಹೊತ್ತಲ್ಲಿ ಯಾರೂ ಜನರೇಟರ್ ಹಾಕಿಲ್ಲ' ಅಂತ ಅಬ್ಬಾಸರ ಮೇಲೆ ಆಣೆ ಮಾಡು. ಮಾಡಿದ್ರೆ ಈ ಕಾಫಿ ಕುಡಿದು, ನಿನ್ನ ಗೋಡೆಗೆ ನಾನೇ ಸುಣ್ಣ ಹೊಡೆಸಿ ಹೋಗ್ತೀನಿ. ಮಾಡ್ದೇ ಹೋದ್ರೆ ನೀನು ಮನೆ ಬಿಟ್ಟು ಎಲ್ಲಿಗೆ ಬೇಕಾದ್ರೂ ಹೋಗು. ನಿನ್ನ ಮಗ ಅಮಾರಾದಲ್ಲಿ ಯಾರ ಮನೇಲಿದ್ದಾನೆ ಅಂತ ನಮಗೆ ಗೊತ್ತು."

ಬೀದಿಗೆ ಬೀದಿಯೇ ಆಣೆ ಮಾಡಿ ಪಾರಾಗಿತ್ತು. ನಾನು ಮಾಡಬೇಕಾದದ್ದೂ ಅಷ್ಟೇ. ನನ್ನ ಕಡೆಯ ಮುದುಕ ಮೊಣಕೈಯಿಂದ ತಿವಿದ, "ಮಾಡಯ್ಯ, ಯಾಕೆ ನೋಡ್ತೀಯ?" ಬಾಯಿ ತೆರೆದೆ. ಅಬ್ಬಾಸರ ಹೆಸರು ಹೇಳಲಾಗಲಿಲ್ಲ. ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಂಡಿರಲಿಲ್ಲ. ಸುಳ್ಳಾದರೆ ಬಾಯಿ ಸೊಟ್ಟಗಾಗುವುದಲ್ಲ, ಆ ಆಣೆ ನನ್ನ ಮಗನ ತಲೆಯ ಮೇಲೆ ಬೀಳುತ್ತದೆ ಎಂಬ ಭಯ. ಮಾಡದಿದ್ದರೆ ಸೈಹೂದನ ಗುಂಡು ಬೀಳುತ್ತದೆ. ಎರಡೂ ಕಡೆ ಮೈಥಮ್‌ನೇ ನಿಂತಿದ್ದ. ಬೆವರು ಕಣ್ಣಿಗಿಳಿದು ಎದುರಿನವರ ಮುಖಗಳೇ ಮಸುಕಾದವು. ನನ್ನ ಮೌನ ಉದ್ದವಾದಷ್ಟೂ ಸೈಹೂದನ ಹುಡುಗರು ಒಬ್ಬೊಬ್ಬರೇ ನೇರವಾಗಿ ಕೂತರು.

ಆಗ ಶಾಮಿಯಾನದ ಬಟ್ಟೆ ಸರಿಸಿಕೊಂಡು ಹಜ್ಜಿಯ್ಯಾ ಬದ್ರಿಯ್ಯಾ ಒಳಗೆ ಬಂದಳು. ಗಂಡಸರ ಪಂಚಾಯಿತಿಗೆ ಹೆಂಗಸು ಬರುವುದಿಲ್ಲ. ಯಾರೂ ಎದ್ದು ತಡೆಯಲೂ ಇಲ್ಲ. ಅವಳು ಕೆಲವೇ ದಿನಗಳಲ್ಲಿ ಕುಗ್ಗಿಹೋಗಿದ್ದಳು, ಅಬಾಯಾ ನೆಲಕ್ಕೆ ಎಳೆದಾಡುತ್ತಿತ್ತು.

"ಸಾಕು ಸೈಹೂದ್. ಅವರ ಬಾಯಲ್ಲಿ ಆಣೆ ಹಾಕಿಸ್ಬೇಡ."

"ಅತ್ತಿಗೆ, ನೀವು ಮನೆಗೆ ನಡೀರಿ. ಇದು ನಮ್ಮ..."

"ಬೀದಿಯೆಲ್ಲ ವಿಚಾರಿಸಿದ್ಯಲ್ಲ, ನಮ್ಮನೇಲಿ ಕೇಳಿದ್ಯಾ?"

ಸೈಹೂದ್ ಸಯ್ಯಿದರ ಕಡೆ ನೋಡಿದ.

"ನಾನೇ ಹಾಕಿದ್ದು," ಎಂದಳು. "ಮಗ ಇಳಿದು ಬರ್ತಾನೆ, ತಣ್ಣಗಿರೋ ನೀರು ಕೊಡೋಣ ಅಂತ ಜನರೇಟರ್ ಹಾಕಿದೆ. ಸ್ವಿಚ್ ತಿರುಗಿಸೋದು ಮರೆತುಹೋಯ್ತು. ಈಗ ಯಾರ ಗೋಡೆ ಮೇಲೆ ಬರೀತೀಯ, ಬರಿ."

ಸೈಹೂದನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. "ಅತ್ತಿಗೆ... ಅಬ್ಬಾಸರ ಮೇಲೆ ಆಣೆ ಮಾಡಿ ಹೇಳ್ತೀರಾ?"

"ಅವನನ್ನ ಹೊತ್ತ ಹೊಟ್ಟೆ ಮೇಲೆ ಕೈಯಿಟ್ಟು ಹೇಳ್ತಿದೀನಿ. ಇದಕ್ಕಿಂತ ಇನ್ನೇನು ಬೇಕಪ್ಪಾ ನಿನಗೆ?"

ಅವನು ತಲೆ ತಗ್ಗಿಸಿದ. ಸಯ್ಯಿದರು ಕಣ್ಣೊರೆಸಿಕೊಂಡು ಫಾತಿಹಾ ಓದಿದರು. ಸ್ವಲ್ಪ ಹೊತ್ತಿನ ಮೇಲೆ ಸೈಹೂದ್ ತಣ್ಣಗಾಗಿದ್ದ ಕಾಫಿಯ ಬಟ್ಟಲೆತ್ತಿ ಕುಡಿದ, ಅವನ ಹಿಂದೆ ಉಳಿದವರೂ ಕುಡಿದರು.

ನನಗೆ ಮೊದಲು ಆದದ್ದು ಸಂತೋಷ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಹೆತ್ತ ತಾಯಿಯೊಬ್ಬಳು ನಾನೇ ಮಗನನ್ನು ಕೊಂದೆ ಎನ್ನುತ್ತಿರುವಾಗ ನನ್ನ ಎದೆ ಹಗುರಾಗಿ ಹಾರುತ್ತಿತ್ತು. ಮೈಥಮ್ ಬದುಕಿದ, ನಮ್ಮ ಮನೆಯದಲ್ಲ, ನಮ್ಮ ಮನೆಯದಲ್ಲ ಎಂದು ಒಳಗೊಳಗೇ ಕುಣಿಯುತ್ತಿದ್ದೆ. ಆ ಕುಣಿತ ನಿಂತದ್ದು ಹಜ್ಜಿಯ್ಯಾ ಹೊರಗೆ ಹೋಗುತ್ತಾ ನನ್ನ ಪಕ್ಕದಲ್ಲಿ ಕ್ಷಣ ನಿಂತಾಗ. "ನಿಮ್ಮ ಹುಡುಗನ್ನ ಕರೆಸ್ಕೊಳ್ಳಿ," ಎಂದಳು. ನನ್ನ ಕ್ಷೇಮ ವಿಚಾರಿಸಲಿಲ್ಲ, ಶಾಪವನ್ನೂ ಹಾಕಲಿಲ್ಲ. ಅಷ್ಟು ಹತ್ತಿರದಿಂದ ಅವಳ ಕಣ್ಣು ನೋಡಿದಾಗಲೇ ನನಗೆ ಹೊಳೆದದ್ದು. ಆ ಮನೆಯ ಜನರೇಟರ್ ಆ ಮನೆಯಲ್ಲಿ ಇರಲೇ ಇಲ್ಲ. ಜಾಸಿಬ್ ಅದನ್ನು ತಳ್ಳುಗಾಡಿಯಲ್ಲಿ ತಂದು ನನ್ನ ಅಂಗಡಿಯಲ್ಲಿ ಇಳಿಸಿ ಎಷ್ಟೋ ದಿನವಾಗಿತ್ತು. ಅದರ ಪಿಸ್ಟನ್ ಬಿಚ್ಚಿ ಸೀಮೆಎಣ್ಣೆಯ ಡಬ್ಬದಲ್ಲಿ ನೆನೆಹಾಕಿದವನು ನಾನೇ.

ಅದು ನನಗೆ ಗೊತ್ತಿದೆ ಎಂದು ಅವಳಿಗೂ ಗೊತ್ತಿತ್ತು.

ಶಾಮಿಯಾನದಲ್ಲಿ ಜನ ನನ್ನನ್ನು ತಬ್ಬಿಕೊಂಡರು. ಚಹಾ ಅಂಗಡಿಯವನು ಮೊದಲಿಗನಾಗಿ ಬಂದು ಕೆನ್ನೆಗೆ ಮುತ್ತಿಟ್ಟ. ನಾನು ಎಲ್ಲರನ್ನೂ ಬಿಡಿಸಿಕೊಂಡು ಮನೆಗೆ ನಡೆದೆ. ಗುಂಡಿನ ತೂತುಗಳಿಂದ ಬಿಸಿಲು ಅಂಗಳಕ್ಕೆ ಬಿದ್ದಿತ್ತು. ಫತ್ಹಿಯ್ಯಾ ಒಳಗೆ ಚಾಪೆಯ ಮೇಲೆ ಕೂತಿದ್ದಳು, ಒಣ ನಿಂಬೆಯ ಚಹಾ ಮುಂದಿತ್ತು, ಕುಡಿದಿರಲಿಲ್ಲ. ನಾನು ಎದುರಿಗೆ ಕೂತೆ. ಇಷ್ಟು ದಿನ ಕೇಳದೆ ಇದ್ದದ್ದನ್ನು ಕೇಳಿದೆ.

"ಆವತ್ತು ಜನರೇಟರ್ ಹಾಕಿದ್ದು ನೀನಾ?"

"ಹೌದು."

ಅಳಲಿಲ್ಲ. ಅಳು ಬೇರೆ ಎಲ್ಲೋ ಮುಗಿಸಿ ಬಂದವಳ ಹಾಗಿದ್ದಳು.

"ಆಜಾನ್ ಆಯ್ತು. ಜಾಸಿಬ್ ಯಾವಾಗ್ಲೂ ಆಜಾನ್ ಆದ ತಕ್ಷಣ ಇಳೀತಾನೆ, ಇಳಿದಿರ್ತಾನೆ ಅಂದ್ಕೊಂಡೆ. ಗೇಟಿಗೆ ಹೋಗಿ ನೋಡ್ಬೇಕಿತ್ತು, ನೋಡ್ಲಿಲ್ಲ. ಒಲೆ ಮೇಲೆ ಸಾರಿತ್ತು, ನೀವು ಬರೋ ಹೊತ್ತಾಗಿತ್ತು. ಗಡಿಬಿಡೀಲಿ ಮೇನ್ ಸ್ವಿಚ್ ಇಳಿಸೋದೂ ಮರೆತೆ. ಹಗ್ಗ ಎಳೆದೆ. ಹಾಕಿದ ಕೂಡಲೇ ಗೊರ್ ಅಂತ ನಿಂತ್ಹೋಯ್ತು. ಆಮೇಲೆ ಬೀದೀಲಿ ಕೂಗು ಕೇಳಿಸ್ತು."

"ಆಣೆ ಮಾಡಿದ್ದೆನಲ್ಲೇ! ಅಬ್ಬಾಸರ ಮೇಲೆ ಆಣೆ! ಒಂದು ಗಳಿಗೆ ತಡಕೊಳ್ಳೋಕೆ ಆಗ್ಲಿಲ್ವಾ ನಿನಗೆ?"

"ಅಬ್ಬಾಸರು ಕರ್ಬಲಾದಲ್ಲಿದ್ರು," ಎಂದಳು. "ನೀವು ಊಟಕ್ಕೆ ಬರ್ತಿದ್ರಿ."

ನನಗೆ ಅರ್ಥವಾಗಲಿಲ್ಲ, ಅಥವಾ ಅರ್ಥವಾಗದ ಹಾಗೆ ಕೂತಿದ್ದೆ. ಅವಳು ಬಿಡಿಸಿ ಹೇಳಿದಳು, ಮಗುವಿಗೆ ಹೇಳುವ ಹಾಗೆ.

"ಹಿಂದಿನ ದಿನ ಫ್ಯಾನ್ ಇಲ್ಲ, ಮಜ್ಜಿಗೆ ಬಿಸಿ ಅಂತ ತಟ್ಟೇನ ಗೋಡೆಗೆ ಎಸೆದ್ರಿ. ಅದರ ಹಿಂದಿನ ದಿನ ಏನು ಮಾಡಿದ್ರಿ ಅಂತ ನಿಮಗೆ ನೆನಪಿರಲ್ಲ, ನನ್ನ ತೋಳಿಗೆ ನೆನಪಿದೆ. ಆವತ್ತು ಫ್ಯಾನ್ ಓಡ್ತಿರ್ಬೇಕು, ಮಜ್ಜಿಗೆ ತಣ್ಣಗಿರ್ಬೇಕು ಅಂತ ಅಷ್ಟೇ ಇದ್ದದ್ದು ನನ್ನ ತಲೇಲಿ."

ಹೊರಗೆ ಶಾಮಿಯಾನದ ಕಂಬಗಳನ್ನು ಬಿಚ್ಚುತ್ತಿದ್ದ ಸದ್ದು ಕೇಳುತ್ತಿತ್ತು. ಯಾರೋ ಜೋರಾಗಿ ನಕ್ಕರು, ಭಯ ಕಳೆದವರ ನಗು.

"ಹಜ್ಜಿಯ್ಯಾಗೆ ಹೇಗೆ ಗೊತ್ತಾಯ್ತು?"

"ನಾನೇ ಹೇಳಿದೆ. ಅವನನ್ನ ನಜಫ್‌ಗೆ ಒಯ್ದ ದಿನವೇ. ಕೆನ್ನೆಗೆ ಎರಡು ಹೊಡೆದ್ಲು. ಆಮೇಲೆ ನನ್ನ ಮಡಿಲಲ್ಲೇ ತಲೆಯಿಟ್ಟು ಅತ್ತಳು. ಇವತ್ತು ಬೆಳಿಗ್ಗೆ ಕರೆದು, 'ಒಂದು ಮನೇಲಿ ಮಗ ಹೋದದ್ದು ಸಾಕು' ಅಂದ್ಲು."

"ಸತ್ತವನ ತಾಯಿಗೆ ಹೇಳಿದ್ಯಾ! ಅವಳು ಸೈಹೂದ್‌ಗೆ ಒಂದು ಮಾತು ಹೇಳಿದ್ರೆ ನಾವೆಲ್ಲ ಮುಗೀತಿದ್ವಿ! ಇಷ್ಟು ದಿನ ಇದೇ ಕೋಣೇಲಿ ಕೂತಿದ್ದೆ ನಾನು. ನನಗೆ ಯಾಕೆ ಹೇಳ್ಲಿಲ್ಲ?"

ನನ್ನ ದನಿ ಏರಿತ್ತು. ಅದು ಏರಿದ್ದು ನನಗೆ ಕೇಳಿಸಿದ್ದು ಅವಳು ಚಾಪೆಯ ಮೇಲೆ ಹಿಂದಕ್ಕೆ ಸರಿದಾಗ.

"ಅವಳಿಗೆ ಹೇಳೋಕೆ ನನಗೆ ಭಯ ಆಗ್ಲಿಲ್ಲ," ಎಂದಳು ಫತ್ಹಿಯ್ಯಾ.

ಏನೋ ಹೇಳಲೆಂದು ನಾನು ಎದ್ದೆ. ಅವಳು ಬಾಗಿಲಿಗೆ ಎಷ್ಟು ದೂರವಿದೆ ಎಂದು ತಿರುಗಿ ನೋಡಿದಳು. ನಾನು ಮತ್ತೆ ಕೂತುಕೊಂಡೆ.